ಕನ್ನಡ ಹೊಸ ಅಲೆಯ ಚಿತ್ರಗಳಲ್ಲಿ ತಂಡ ಮತ್ತು ನಾಯಕತ್ವ: ‘ಸಂಸ್ಕಾರ’ದ ನಿರ್ಮಾಣವನ್ನು ಕುರಿತು

ಚಲನಚಿತ್ರದ ಚರಿತ್ರೆಯನ್ನು ನಿರ್ದೇಶಕರ ಹೆಸರುಗಳ ಸುತ್ತ ಬರೆಯುವುದು ಕನ್ನಡದಲ್ಲಿಯೂ ರೂಢಿಯಾಗಿದೆ. ಗ್ರಂಥಾಲಯದ ಸೂಚಿಯಲ್ಲಿ, ಪ್ರಶಸ್ತಿಗಳ ಪಟ್ಟಿಯಲ್ಲಿ, ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಒಂದು ಚಿತ್ರಕ್ಕೆ ಒಬ್ಬ ಒಡೆಯ ಇರಲೇಬೇಕೆಂಬುದು ನಮ್ಮ ನಿರೀಕ್ಷೆ. ಕಾವ್ಯಕ್ಕೆ ಕವಿ ಇದ್ದ ಹಾಗೆ ಚಿತ್ರಕ್ಕೆ ನಿರ್ದೇಶಕ ಎಂಬ ಈ ಸಮೀಕರಣ ಅನುಕೂಲಕರವಾದುದು. ಹಲವು ಸಂದರ್ಭಗಳಲ್ಲಿ ಅದು ನ್ಯಾಯವಾದುದೂ ಹೌದು. ಆದರೆ ಕನ್ನಡದ ಹೊಸ ಅಲೆಯ ಚಿತ್ರಗಳು ಯಾವುದರಿಂದ ಆರಂಭವಾದುವೆಂದು ನಾವು ಹೇಳುತ್ತೇವೆಯೋ, ಆ ‘ಸಂಸ್ಕಾರ’ದ ವಿಷಯದಲ್ಲಿ ಈ ಅಳತೆಗೋಲು ಸಾಲದು. 1970ರಲ್ಲಿ ತೆರೆಕಂಡ ಈ ಚಿತ್ರವನ್ನು ನಿಜವಾಗಿ ಮಾಡಿದವರು ಯಾರು ಎಂಬ ಪ್ರಶ್ನೆ ಸಾಹಿತ್ಯ ಮತ್ತು ರಂಗಭೂಮಿಯ ವಲಯಗಳಲ್ಲಿ ಆಗಾಗ ಕೇಳಿಬಂದಿದೆ. ಆ ಪ್ರಶ್ನೆಗೆ ಒಂದು ಹೆಸರನ್ನು ಉತ್ತರವಾಗಿ ಕೊಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಅಂಥ ಪ್ರಶ್ನೆ ಏಳುವಂತಾದದ್ದು ಏಕೆ, ಆ ಚಿತ್ರದ ತಂಡದಲ್ಲಿ ನಾಯಕತ್ವವೆಂಬುದು ಯಾವ ಬಗೆಯದಾಗಿತ್ತು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಪ್ರಯತ್ನ.

ಮೊದಲಿಗೆ ಒಂದು ಮಾತು. ನಮ್ಮ ಸಿನಿಮಾ ಪರಿಭಾಷೆಯಲ್ಲಿ ‘ನಾಯಕ’ ಎಂದರೆ ಕಥೆಯ ನಾಯಕ, ಅಂದರೆ ಆ ಪಾತ್ರವನ್ನು ವಹಿಸುವ ನಟ. ಕಾವ್ಯಶಾಸ್ತ್ರದಿಂದ ನಾಟಕಕ್ಕೆ, ನಾಟಕದಿಂದ ಸಿನಿಮಾಕ್ಕೆ ಬಂದ ಪದವದು. ಕೆಲಸಗಾರರ ಗುಂಪನ್ನು ಮುನ್ನಡೆಸುವವನಿಗೆ ಅಲ್ಲಿ ಬಳಕೆಯಾಗುತ್ತಿದ್ದ ಪದಗಳು ಬೇರೆ: ಯಜಮಾನ, ಮಾಲೀಕ, ಮೇಷ್ಟ್ರು. ಈ ಮೂರೂ ವೃತ್ತಿ ನಾಟಕ ಕಂಪನಿಗಳಿಗೆ ಸೇರಿದವು ಎಂಬುದು ಆಕಸ್ಮಿಕವಲ್ಲ. ಕನ್ನಡ ಚಿತ್ರೋದ್ಯಮದಲ್ಲಿ ತಂಡ ಎಂಬ ಕಲ್ಪನೆ ಬಂದದ್ದೇ ಕಂಪನಿಯ ಬಿಡಾರದಿಂದ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಬಂಡವಾಳ ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿಯವರದು, ನಿರ್ದೇಶನ ವೈ.ವಿ.ರಾವ್ ಅವರದು, ಚಿತ್ರೀಕರಣವಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ, ಆದರೆ ಆರ್.ನಾಗೇಂದ್ರರಾವ್, ಸುಬ್ಬಯ್ಯನಾಯ್ಡು ಮೊದಲಾದವರು ಅಲ್ಲಿಗೆ ಕೊಂಡೊಯ್ದದ್ದು ರಂಗಭೂಮಿಯಲ್ಲಿ ಪಳಗಿದ ಒಂದು ಕೂಟವನ್ನು. ಒಟ್ಟಿಗೆ ಉಂಡು, ಒಟ್ಟಿಗೆ ಊರೂರು ಅಲೆದು, ಒಬ್ಬರ ಪಾತ್ರವನ್ನು ಇನ್ನೊಬ್ಬರು ಕಂಠಪಾಠವಾಗಿ ಬಲ್ಲ ಜನ ಅವರು. ಯಜಮಾನನ ಮಾತಿಗೆ ಎದುರಾಡದ ಶಿಸ್ತು ಅಲ್ಲಿತ್ತು. ಸಂಬಳ ನಿಂತ ತಿಂಗಳಲ್ಲಿಯೂ ಒಲೆ ಉರಿಯುವಂತೆ ನೋಡಿಕೊಳ್ಳುವ ಹೊಣೆ ಯಜಮಾನನ ಮೇಲಿತ್ತು.

ಈ ಕಂಪನಿ ಪರಂಪರೆಯೇ ಯಜಮಾನನಿಲ್ಲದ ತಂಡವೊಂದನ್ನು ಕಟ್ಟಿದ ಅಪರೂಪದ ನಿದರ್ಶನ 1950ರ ದಶಕದ ಕೊನೆಯಲ್ಲಿ ದೊರೆಯುತ್ತದೆ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಆ ದಿನಗಳಲ್ಲಿ ಕಲಾವಿದರಿಗೆ ವರ್ಷವಿಡೀ ಕೆಲಸವಿರಲಿಲ್ಲ. ರಾಜಕುಮಾರ್, ಜಿ.ವಿ.ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ಇವರು ಕನ್ನಡ ಚಲನಚಿತ್ರ ಕಲಾವಿದರ ಸಂಘದ ಮೂಲಕ ನಾಡಿನಲ್ಲಿ ನಾಟಕಗಳನ್ನಾಡಿದರು. ಮುಂದೆ ಅದೇ ಸಂಘದ ಹೆಸರಿನಲ್ಲಿ ‘ರಣಧೀರ ಕಂಠೀರವ’ (1960) ಚಿತ್ರವನ್ನು ನಿರ್ಮಿಸಿದರು. ನಿರ್ದೇಶನ ಎನ್.ಸಿ.ರಾಜನ್ ಅವರದು. ನಟರೇ ಬಂಡವಾಳದ ಹೊಣೆ ಹೊತ್ತು, ತಾವೇ ಅಭಿನಯಿಸಿ, ತಮ್ಮಲ್ಲೊಬ್ಬರಾದ ಅಯ್ಯರ್ ಅವರಿಂದ ಸಂಭಾಷಣೆ ಬರೆಸಿ ಮಾಡಿದ ಚಿತ್ರವಿದು. ಅಯ್ಯರ್ ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಹತ್ತು ವರ್ಷಗಳ ಅನಂತರ ಅವರು ಇನ್ನೊಂದು ಬಾಗಿಲಿನಿಂದ ಈ ಚರಿತ್ರೆಯನ್ನು ಪ್ರವೇಶಿಸಲಿದ್ದಾರೆ.

‘ಸಂಸ್ಕಾರ’ದ ತಂಡ ಕೂಡಿದ್ದು ಇದಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಜಗತ್ತಿನಲ್ಲಿ. ಯು.ಆರ್.ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಆ ವೇಳೆಗೆ ಆಕ್ಸ್‌ಫರ್ಡ್‌ನಿಂದ ಹಿಂದಿರುಗಿದ್ದ ಗಿರೀಶ ಕಾರ್ನಾಡರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಉದ್ಯೋಗದಲ್ಲಿದ್ದರು. ‘ಯಯಾತಿ’ ಮತ್ತು ‘ತುಘಲಕ್’ ನಾಟಕಗಳಿಂದ ಹೆಸರಾಗಿದ್ದರು. ಮದರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡದಲ್ಲಿ ಅವರು ದುಡಿಯುತ್ತಿದ್ದರು. ಆ ತಂಡದ ಸ್ಥಾಪಕರಲ್ಲೊಬ್ಬರು ನಟಿ ಸ್ನೇಹಲತಾ ರೆಡ್ಡಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು, ಶಾಂತಿನಿಕೇತನದಲ್ಲಿಯೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ಓದಿದವರು. 1939ರಲ್ಲಿ ಪ್ರಕಟವಾದ ‘ಫಿಡೇಲು ರಾಗಾಲ ಡಜನ್’ ಎಂಬ ಸಂಕಲನದಿಂದ ತೆಲುಗು ಕಾವ್ಯದಲ್ಲಿ ಛಂದಸ್ಸಿನ ಕಟ್ಟುಗಳನ್ನು ಮುರಿದ ಕವಿಯೆಂದು ಪ್ರಸಿದ್ಧರಾದವರು. ಸಿನಿಮಾ ಅವರಿಗೆ ಹೊಸದಲ್ಲ. ತೆಲುಗಿನ ಖ್ಯಾತ ನಿರ್ದೇಶಕ ಕೆ.ವಿ.ರೆಡ್ಡಿಯವರ ಕೆಲವು ಚಿತ್ರಗಳ ನಿರ್ಮಾಣದಲ್ಲಿ ಅವರು ಪಾಲುದಾರರಾಗಿದ್ದರು. ಆದರೆ ಸ್ವತಃ ನಿರ್ದೇಶನ ಮಾಡಿದ ಅನುಭವ ಅವರಿಗಿರಲಿಲ್ಲ. ಅವರ ಸಾಹಿತ್ಯದ ಭಾಷೆಯೂ ಕನ್ನಡವಾಗಿರಲಿಲ್ಲ.

ಇಂಥವರೊಬ್ಬರು ಮಾಧ್ವ ಬ್ರಾಹ್ಮಣರ ಅಗ್ರಹಾರವೊಂದರ ಒಳಬದುಕನ್ನು ಕುರಿತ ಕನ್ನಡ ಕಾದಂಬರಿಯನ್ನು ಚಿತ್ರವಾಗಿಸಲು ಹೊರಟಾಗ ಕೂಡಿಸಿದ ಜನರನ್ನು ನೋಡಬೇಕು. ಚಿತ್ರಕಥೆ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ಚಂದ್ರಿಯ ಪಾತ್ರ ಸ್ನೇಹಲತಾ ಅವರದು. ನಾರಣಪ್ಪನಾಗಿ ಬಂದವರು ಪಿ.ಲಂಕೇಶ್; ಆಗ ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ನವ್ಯದ ಮುಖ್ಯ ಕಥೆಗಾರರಲ್ಲಿ ಒಬ್ಬರು. ಕಲಾ ನಿರ್ದೇಶನ ಮದರಾಸಿನ ಬಳಿಯ ಚೋಳಮಂಡಲ ಕಲಾವಿದರ ಗ್ರಾಮದ ಚಿತ್ರಕಾರ ಎಸ್.ಜಿ.ವಾಸುದೇವ್ ಅವರದು. ಸಂಗೀತ ಅಲಿ ಅಕ್ಬರ್ ಖಾನರ ಶಿಷ್ಯರೂ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ಆಗಿದ್ದ ಸರೋದ್ ವಾದಕ ರಾಜೀವ ತಾರಾನಾಥರದು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು; ಸಂಕಲನಕಾರ ಸ್ಟೀವನ್ ಕಾರ್ಟಾ ಅವರೂ ವಿದೇಶೀಯರೇ. ವೃತ್ತಿಪರ ಸಿನಿಮಾದ ಶಿಸ್ತನ್ನು ಬಲ್ಲವರೆಂದರೆ ಕೆ.ವಿ.ರೆಡ್ಡಿಯವರ ಗರಡಿಯಲ್ಲಿ ಸಹಾಯಕರಾಗಿ ಪಳಗಿದ್ದ ಸಿಂಗೀತಂ ಶ್ರೀನಿವಾಸರಾವ್. ಚಿತ್ರೀಕರಣವನ್ನು ದಿನದಿನದ ಲೆಕ್ಕದಲ್ಲಿ ನಡೆಸಿಕೊಡುವ ಕಾರ್ಯನಿರ್ವಾಹಕ ನಿರ್ದೇಶಕರ ಹೊಣೆ ಅವರದಾಗಿತ್ತು. ಇದೇ ಸಿಂಗೀತಂ ಮುಂದೆ ‘ಹಾಲು ಜೇನು’ ಮೊದಲಾದ ರಾಜಕುಮಾರ್ ಚಿತ್ರಗಳನ್ನೂ, ಮಾತೇ ಇಲ್ಲದ ‘ಪುಷ್ಪಕ ವಿಮಾನ’ವನ್ನೂ ನಿರ್ದೇಶಿಸಿದರು.

ಈ ಪಟ್ಟಿಯನ್ನು ಇಷ್ಟು ವಿವರವಾಗಿ ಕೊಟ್ಟದ್ದಕ್ಕೆ ಕಾರಣವಿದೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕ್ಷೇತ್ರದಲ್ಲಿ ತಂಡದ ಮುಖ್ಯಸ್ಥರಿಗಿಂತ ಹೆಚ್ಚು ಬಲ್ಲವರು. ಕಾದಂಬರಿಯ ಭಾಷೆಯನ್ನು, ಅದರ ಹಿಂದಿನ ಆಚಾರ ವಿಚಾರಗಳನ್ನು ಪಟ್ಟಾಭಿಯವರಿಗಿಂತ ಕಾರ್ನಾಡರು, ಲಂಕೇಶರು ಚೆನ್ನಾಗಿ ಬಲ್ಲರು. ಕ್ಯಾಮರಾವನ್ನು ಕೋವನ್, ಚಿತ್ರೀಕರಣದ ಕ್ರಮವನ್ನು ಸಿಂಗೀತಂ, ನಟನೆಯನ್ನು ಸ್ನೇಹಲತಾ ಬಲ್ಲರು. ನಾಟಕ ಕಂಪನಿಯ ಯಜಮಾನನ ಸ್ಥಿತಿ ಇದಕ್ಕೆ ನೇರ ವಿರುದ್ಧವಾದುದು. ಅಲ್ಲಿ ಯಜಮಾನ ತಾನೇ ನಟ, ತಾನೇ ಗಾಯಕ. ಪರದೆ ಕಟ್ಟುವ ಹಗ್ಗದವರೆಗೆ ಎಲ್ಲ ಬಲ್ಲವನು, ಆದ್ದರಿಂದಲೇ ಅವನ ಮಾತು ನಡೆಯುತ್ತದೆ. ಸ್ಟುಡಿಯೋ ಪದ್ಧತಿಯ ನಿರ್ದೇಶಕನೂ ಹೆಚ್ಚು ಕಡಿಮೆ ಹಾಗೆಯೇ. ಪಟ್ಟಾಭಿಯವರಲ್ಲಿದ್ದ ಅಧಿಕಾರ ಬಲ್ಲವನ ಅಧಿಕಾರವಲ್ಲ, ಕರೆದವನ ಅಧಿಕಾರ. ಯಾರನ್ನು ಕರೆಯಬೇಕು, ಯಾರಿಗೆ ಯಾವ ಕೆಲಸ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಎಲ್ಲಿ ಸುಮ್ಮನಿರಬೇಕು ಎಂಬ ತೀರ್ಮಾನಗಳಲ್ಲಿ ಅವರ ನಿರ್ದೇಶನವಿದೆ ಎಂದು ಈ ಲೇಖಕನ ಅಭಿಪ್ರಾಯ. ಮನೆಯಲ್ಲಿ ಮದುವೆ ಮಾಡುವ ಹಿರಿಯನಿಗೆ ಅಡುಗೆಯೂ ಬಾರದು, ಮಂತ್ರವೂ ಬಾರದು, ಓಲಗವೂ ಬಾರದು. ಆದರೂ ಅವನಿಲ್ಲದೆ ಮದುವೆ ನಡೆಯುವುದಿಲ್ಲ.

ಆದರೆ ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ. ಚಲನಚಿತ್ರದಲ್ಲಿ ಒಂದೊಂದು ದೃಶ್ಯಕ್ಕೂ ನಿರ್ಧಾರವೊಂದು ಬೇಕು: ಕ್ಯಾಮರಾ ಎಲ್ಲಿರಬೇಕು, ನಟ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ಮಾತು ಉಳಿಯಬೇಕು. ಚಿತ್ರಕಥೆಯನ್ನು ಬರೆದವರೇ ಮುಖ್ಯ ಪಾತ್ರದಲ್ಲಿದ್ದಾಗ, ಮಾತಿನ ಲಯಕ್ಕೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅವರ ಪಾಲು ದೊಡ್ಡದಾಗಿದ್ದಿರಲೇಬೇಕು. ಕನ್ನಡ ಬಾರದ ಛಾಯಾಗ್ರಾಹಕ ಮತ್ತು ಸಂಕಲನಕಾರ ಇರುವಲ್ಲಿ, ಮಾತು ಎಲ್ಲಿ ಮುಗಿಯಿತು, ಅದರ ಭಾರ ಯಾವ ಪದದ ಮೇಲೆ ಬಿತ್ತು ಎಂಬುದನ್ನು ಪಕ್ಕದಲ್ಲಿ ನಿಂತು ಹೇಳುವವರು ಬೇಕು. ಚಿತ್ರದ ಕರ್ತೃತ್ವದ ಬಗೆಗೆ ಮುಂದೆ ಎದ್ದ ಪ್ರಶ್ನೆಗಳ ಬೇರು ಇರುವುದು ಇಲ್ಲಿಯೇ. ಅದನ್ನು ವ್ಯಕ್ತಿಗಳ ನಡುವಣ ಅಸೂಯೆಯೆಂದು ತಳ್ಳಿಹಾಕುವುದು ಸುಲಭ. ತಂಡದ ರಚನೆಯೇ ಆ ಪ್ರಶ್ನೆಯನ್ನು ಗರ್ಭದಲ್ಲಿಟ್ಟುಕೊಂಡಿತ್ತು ಎಂಬುದು ಹೆಚ್ಚು ಸರಿಯಾದ ಮಾತು.

ಭಾಷೆ ಬಾರದ ಕಣ್ಣಿನಿಂದ ಚಿತ್ರಕ್ಕೆ ದೊರೆತ ಲಾಭವನ್ನೂ ಹೇಳಬೇಕು. ಚಿತ್ರೀಕರಣ ನಡೆದದ್ದು ಮುಖ್ಯವಾಗಿ ಶೃಂಗೇರಿಯ ಬಳಿ ತುಂಗಾತೀರದ ವೈಕುಂಠಪುರದಲ್ಲಿ. ಮೊದಲು ಶಿವಮೊಗ್ಗದ ಸಮೀಪದ ಮತ್ತೂರಿನಲ್ಲಿ ಚಿತ್ರಿಸುವ ಯೋಚನೆಯಿತ್ತೆಂದೂ, ಕಥಾವಸ್ತುವನ್ನು ತಿಳಿದ ಊರ ಹಿರಿಯರ ಅಸಮ್ಮತಿಯಿಂದ ಅದನ್ನು ಬಿಡಬೇಕಾಯಿತೆಂದೂ ಪ್ರಚಲಿತವಾಗಿದೆ. ಸೆಟ್ಟಿನ ಅಗ್ರಹಾರವಲ್ಲ, ನಿಜವಾದ ಊರು; ಒಳಮನೆಗಳ ಮಬ್ಬು ಬೆಳಕು, ಜಗಲಿಯ ಕಂಬಗಳು, ಹೊಳೆಗೆ ಇಳಿಯುವ ಹಾದಿ. ಮಲೆನಾಡಿನವರಿಗೆ ಕಣ್ಣಿಗೆ ರೂಢಿಯಾಗಿ ಕಾಣದೇ ಹೋಗುವ ಈ ವಿವರಗಳನ್ನು ಹೊರಗಿನಿಂದ ಬಂದ ಛಾಯಾಗ್ರಾಹಕ ಮೊದಲ ಬಾರಿಗೆ ನೋಡುವವನ ಕುತೂಹಲದಿಂದ ನೋಡಿದರು. ಮುಖಗಳ ವಿಷಯದಲ್ಲಿಯೂ ಹೀಗೆಯೇ. ಅಂದಿನ ಕನ್ನಡ ಚಿತ್ರಗಳಲ್ಲಿ ಮುಖವೆಂದರೆ ಬೆಳಕು ತುಂಬಿ ತಿದ್ದಿದ ಮುಖ. ‘ಸಂಸ್ಕಾರ’ದ ಬ್ರಾಹ್ಮಣರ ಮುಖಗಳಲ್ಲಿ ಹಸಿವು, ದುರಾಸೆ, ಭಯ ಬಣ್ಣವಿಲ್ಲದೆ ಕಾಣುತ್ತವೆ. ಚಿತ್ರಕಾರರೊಬ್ಬರು ಕಲಾ ನಿರ್ದೇಶಕರಾಗಿದ್ದುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಲಾಗದು. ರಾಜೀವ ತಾರಾನಾಥರ ಸಂಗೀತ ಎಲ್ಲಿಯೂ ಮುಂದೆ ಬಂದು ನಿಲ್ಲುವುದಿಲ್ಲ. ಹಾಡುಗಳಿಂದಲೇ ಚಿತ್ರವನ್ನು ಗುರುತಿಸುತ್ತಿದ್ದ ಕಾಲದಲ್ಲಿ, ಅಷ್ಟು ದೊಡ್ಡ ವಾದಕರೊಬ್ಬರು ಹೀಗೆ ಹಿಂದೆ ಸರಿದು ನಿಂತದ್ದು ತಂಡದ ಮನೋಧರ್ಮವನ್ನು ಸೂಚಿಸುತ್ತದೆ.

ಕಥಾವಸ್ತುವಿನಲ್ಲಿಯೇ ನಾಯಕತ್ವದ ಪ್ರಶ್ನೆ ಇದೆಯೆಂಬುದನ್ನು ವಿಮರ್ಶಕರು ಬೇರೆ ಬೇರೆ ಮಾತುಗಳಲ್ಲಿ ಚರ್ಚಿಸಿದ್ದಾರೆ. ಆಚಾರಭ್ರಷ್ಟನಾದ ನಾರಣಪ್ಪ ಸತ್ತಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕೆಂಬುದನ್ನು ಅಗ್ರಹಾರ ತಾನಾಗಿ ನಿರ್ಧರಿಸದು. ಎಲ್ಲರೂ ಪ್ರಾಣೇಶಾಚಾರ್ಯನ ಬಾಯಿಯನ್ನು ನೋಡುತ್ತಾರೆ. ಆಚಾರ್ಯ ಗ್ರಂಥಗಳನ್ನು ತಿರುವುತ್ತಾನೆ, ಮಾರುತಿಯ ಗುಡಿಗೆ ಹೋಗಿ ಕಾಯುತ್ತಾನೆ, ಉತ್ತರ ದೊರೆಯುವುದಿಲ್ಲ. ಕೊನೆಗೆ ಶವವನ್ನು ಸುಡುವುದು ಯಾರೂ ಕೇಳದಿದ್ದ ಇಬ್ಬರು: ಚಂದ್ರಿ ಮತ್ತು ಅವಳಿಗೆ ನೆರವಾಗುವ ಅಹಮದ್ ಬ್ಯಾರಿ. ಒಬ್ಬನ ಜ್ಞಾನದ ಮೇಲೆ ಇಡೀ ಸಮುದಾಯ ಹೊರೆ ಹಾಕಿ ಕೈಕಟ್ಟಿ ಕುಳಿತದ್ದರ ದುರಂತವನ್ನು ಹೇಳುವ ಕಥೆಯಿದು. ಅದನ್ನು ಚಿತ್ರವಾಗಿಸಿದ ತಂಡದಲ್ಲಿ ಆಚಾರ್ಯಸ್ಥಾನ ಯಾರಿಗೂ ಇರಲಿಲ್ಲ. ಇದು ಯೋಜಿಸಿದ್ದೆಂದು ಯಾರೂ ವಾದಿಸಬೇಕಾಗಿಲ್ಲ.

ಚಿತ್ರದ ವೆಚ್ಚ ಒಂದು ಲಕ್ಷ ರೂಪಾಯಿಯ ಆಸುಪಾಸಿನದು. ವೃತ್ತಿ ನಟರಿಲ್ಲದೆ, ಸೆಟ್ಟುಗಳಿಲ್ಲದೆ, ಹಾಡುಗಳಿಲ್ಲದೆ ಕಪ್ಪು ಬಿಳುಪಿನಲ್ಲಿ ಮಾಡಿದ್ದರಿಂದ ಇದು ಸಾಧ್ಯವಾಯಿತು. ಆದರೆ ಹಣ ಎಷ್ಟೇ ಸ್ವಲ್ಪವಿರಲಿ, ಮುಳುಗಿದರೆ ಮುಳುಗುವುದು ಒಬ್ಬರದೇ ಎಂಬ ಸ್ಥಿತಿಯಲ್ಲಿ ಗುಂಪಿನ ಸಮಾನತೆಗೆ ಒಂದು ಮಿತಿಯಿರುತ್ತದೆ. ಆ ಮಿತಿ ಗೋಚರವಾದದ್ದು ಚಿತ್ರ ಮುಗಿದ ಮೇಲೆ. ಒಂದು ಸಮುದಾಯದ ಭಾವನೆಗೆ ನೋವಾಗಿ ಕ್ಷೋಭೆ ಉಂಟಾದೀತೆಂಬ ಕಾರಣದಿಂದ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿತು. ಛಾಯಾಗ್ರಾಹಕನ ಕೆಲಸ ಅಲ್ಲಿಗೆ ಮುಗಿದಿತ್ತು, ನಟರ ಕೆಲಸವೂ ಮುಗಿದಿತ್ತು. ನಿರ್ಮಾಪಕ-ನಿರ್ದೇಶಕರ ಕೆಲಸ ಮಾತ್ರ ಮುಗಿದಿರಲಿಲ್ಲ. ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಮೇಲ್ಮನವಿ ದೆಹಲಿಯವರೆಗೆ ಹೋಯಿತು, ಕಡೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಟ್ಟದಲ್ಲಿ ನಿಷೇಧ ರದ್ದಾಯಿತು. ಚಿತ್ರದ ಹೆಸರನ್ನು ಬದಲಿಸಿ, ಅಗ್ರಹಾರದ ಗುರುತನ್ನು ಮಸುಕುಗೊಳಿಸಿ ಪಾರಾಗುವ ಹಾದಿ ಹಿಡಿಯದೆ ನಿಂತದ್ದು ಸಣ್ಣ ಮಾತಲ್ಲ. ಪಟ್ಟಾಭಿಯವರ ನಾಯಕತ್ವವನ್ನು ಅಳೆಯುವವರು ವೈಕುಂಠಪುರದ ಚಿತ್ರೀಕರಣದ ದಿನಗಳನ್ನು ಮಾತ್ರ ನೋಡಿದರೆ ಅರ್ಧವನ್ನಷ್ಟೇ ನೋಡಿದಂತೆ.

1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ‘ಸಂಸ್ಕಾರ’ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಪಡೆಯಿತು. ಕನ್ನಡಕ್ಕೆ ಈ ಗೌರವ ದೊರೆತದ್ದು ಅದೇ ಮೊದಲು. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿಯೂ ಅದಕ್ಕೆ ಪುರಸ್ಕಾರ ದೊರೆಯಿತು. ಪ್ರಶಸ್ತಿಗಳ ಸಂಗತಿ ಎಲ್ಲರಿಗೂ ತಿಳಿದದ್ದಾದುದರಿಂದ ಅದನ್ನು ಬೆಳೆಸಬೇಕಿಲ್ಲ. ಅದಕ್ಕಿಂತ ಮುಖ್ಯವಾದುದು, ಈ ತಂಡ ಒಂದು ಪಾಠಶಾಲೆಯಾಗಿ ಪರಿಣಮಿಸಿದ್ದು. ಒಬ್ಬರ ಆಜ್ಞೆಯನ್ನು ಪಾಲಿಸುವ ತಂಡದಲ್ಲಿ ಪ್ರತಿಯೊಬ್ಬರೂ ಕಲಿಯುವುದು ತಮ್ಮ ಪಾಲಿನ ಕೆಲಸವನ್ನು. ನಿರ್ಧಾರಗಳು ಹಂಚಿಹೋದ ತಂಡದಲ್ಲಿ ಇಡೀ ಚಿತ್ರ ಹೇಗೆ ಕೂಡಿಬರುತ್ತದೆಂಬುದನ್ನು ಕಲಿಯುವ ಅವಕಾಶವಿದೆ. ಕಾರ್ನಾಡರು ಮರುವರ್ಷವೇ ನಿರ್ದೇಶಕರಾದರು. ಸಿಂಗೀತಂ ಅವರೂ ಸ್ವತಂತ್ರವಾಗಿ ನಿರ್ದೇಶನಕ್ಕೆ ತೊಡಗಿದರು. ಲಂಕೇಶರು ‘ಪಲ್ಲವಿ’ಯನ್ನು (1976) ನಿರ್ದೇಶಿಸಿ ಅತ್ಯುತ್ತಮ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಆದರೆ ‘ಸಂಸ್ಕಾರ’ದ ತಂಡ ಮತ್ತೆ ಹಾಗೆಯೇ ಕೂಡಲಿಲ್ಲ. ಎಲ್ಲರೂ ನಾಯಕರಾಗಬಲ್ಲ ಗುಂಪು ಒಂದು ಕೆಲಸಕ್ಕಷ್ಟೇ ಒಟ್ಟಿಗಿರುತ್ತದೆಯೇನೋ.

ಇಲ್ಲಿ ಜಿ.ವಿ.ಅಯ್ಯರ್ ಅವರು ಮತ್ತೆ ಬರುತ್ತಾರೆ. ಎಸ್.ಎಲ್.ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ ‘ವಂಶವೃಕ್ಷ’ದ (1971) ನಿರ್ಮಾಪಕರು ಅವರು. ನಿರ್ದೇಶಕರು ಇಬ್ಬರು: ಗಿರೀಶ ಕಾರ್ನಾಡ ಮತ್ತು ಬಿ.ವಿ.ಕಾರಂತ. ಇಬ್ಬರಿಗೂ ಅದು ಮೊದಲ ಚಿತ್ರ. ಹತ್ತಾರು ಚಿತ್ರಗಳ ಅನುಭವವಿದ್ದ ನಿರ್ಮಾಪಕನೊಬ್ಬ ಇಬ್ಬರು ಹೊಸಬರ ಕೈಗೆ ಒಂದೇ ಚಿತ್ರವನ್ನು ಒಪ್ಪಿಸಿದ ಧೈರ್ಯವನ್ನು ನಮ್ಮ ಚರಿತ್ರಕಾರರು ಸಾಕಷ್ಟು ಗುರುತಿಸಿಲ್ಲ. ಅಯ್ಯರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು. ಬಾಲ್ಯದಲ್ಲಿ ಮನೆಬಿಟ್ಟು ಬಂದ ಕಾರಂತರೂ ಅದೇ ಕಂಪನಿಯಲ್ಲಿ ಬೆಳೆದು, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ಓದಿದವರು. ಅನಂತರ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಶಿಷ್ಯರು. ಕಾರ್ನಾಡರು ಧಾರವಾಡ, ಆಕ್ಸ್‌ಫರ್ಡ್, ಮದರಾಸುಗಳ ಹಾದಿಯಲ್ಲಿ ಬಂದವರು. ಕಂಪನಿಯ ಬಿಡಾರ ಮತ್ತು ನವ್ಯದ ಓದುಮನೆ ಎರಡೂ ಒಂದೇ ಚಿತ್ರದಲ್ಲಿ ಕೂಡಿದ್ದು ‘ಸಂಸ್ಕಾರ’ದಲ್ಲಿ ಅಲ್ಲ, ‘ವಂಶವೃಕ್ಷ’ದಲ್ಲಿ.

ಛಾಯಾಗ್ರಹಣಕ್ಕೆ ಈ ಬಾರಿ ಹೊರದೇಶದವರಲ್ಲ, ಕನ್ನಡ ಚಿತ್ರೋದ್ಯಮದ ನುರಿತ ಕೈಯಾದ ಯು.ಎಂ.ಎನ್.ಷರೀಫ್ ಅವರು. ಸಂಗೀತ ಪುಣೆಯ ಭಾಸ್ಕರ ಚಂದಾವರ್ಕರ್ ಅವರದು. ಮುಖ್ಯ ಪಾತ್ರಗಳಲ್ಲಿ ವೆಂಕಟರಾವ್ ತಲಗೇರಿ, ಎಲ್.ವಿ.ಶಾರದಾ ಮೊದಲಾದವರು, ಮುಂದೆ ವಿಷ್ಣುವರ್ಧನ್ ಎಂದು ಖ್ಯಾತರಾದ ಸಂಪತ್‌ಕುಮಾರ್ ಚಿತ್ರರಂಗವನ್ನು ಪ್ರವೇಶಿಸಿದ್ದು ಇದರಲ್ಲಿಯೇ. 1971ನೇ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕೆ ಬಂದಿತು. ‘ಸಂಸ್ಕಾರ’ದಲ್ಲಿ ಅಸ್ಪಷ್ಟವಾಗಿ ಹಂಚಿಹೋಗಿದ್ದ ಅಧಿಕಾರ ಇಲ್ಲಿ ಶೀರ್ಷಿಕೆಯಲ್ಲಿಯೇ ಇಬ್ಬರ ಹೆಸರಾಗಿ ಘೋಷಿತವಾಗಿದೆ. ಕಲಹಕ್ಕೆ ಎಡೆಯಿಲ್ಲದಂತೆ ಮಾಡುವ ಒಂದು ವಿಧಾನವಿದು. ಇಬ್ಬರೂ ಮತ್ತೊಮ್ಮೆ ಭೈರಪ್ಪನವರದೇ ಕಾದಂಬರಿಯನ್ನು ಆಧರಿಸಿದ ‘ತಬ್ಬಲಿಯು ನೀನಾದೆ ಮಗನೆ’ಯನ್ನು (1977) ಜೊತೆಯಾಗಿ ನಿರ್ದೇಶಿಸಿದರು. ನಡುವೆ ಕಾರ್ನಾಡರು ‘ಕಾಡು’ (1973) ಚಿತ್ರವನ್ನೂ, ಕಾರಂತರು ‘ಚೋಮನ ದುಡಿ’ಯನ್ನೂ (1975) ಪ್ರತ್ಯೇಕವಾಗಿ ಮಾಡಿದರು. ಈ ಲೇಖಕನ ದೃಷ್ಟಿಯಲ್ಲಿ ಒಬ್ಬೊಬ್ಬರೇ ಮಾಡಿದ ಈ ಎರಡು ಚಿತ್ರಗಳು ಜಂಟಿಯಾಗಿ ಮಾಡಿದ ಎರಡಕ್ಕಿಂತ ಬಿಗಿಯಾಗಿವೆ. ‘ಕಾಡು’ವಿನ ಒಳಗಣ ಹಿಂಸೆಯ ಸೆಳಕು, ಚೋಮನ ದುಡಿಯ ಬಡಿತ ಒಂದೇ ಮನಸ್ಸಿನಿಂದ ಹೊರಟವು. ಹೀಗಾಗಿ, ತಂಡದ ಕೆಲಸವನ್ನು ಹೊಗಳುವ ಭರದಲ್ಲಿ ಒಂಟಿ ದೃಷ್ಟಿಯ ಬೆಲೆಯನ್ನು ಮರೆಯುವುದು ಸಲ್ಲದು.

ಆದರೆ ಆ ‘ಒಂದೇ ಮನಸ್ಸಿನ’ ಚಿತ್ರಗಳಿಗೂ ತಂಡವಿತ್ತು. ‘ಕಾಡು’ವಿನ ಕ್ಯಾಮರಾ ಗೋವಿಂದ ನಿಹಲಾನಿಯವರದು. ‘ಚೋಮನ ದುಡಿ’ಗೆ ಛಾಯಾಗ್ರಾಹಕರಾದ ಎಸ್.ರಾಮಚಂದ್ರ ಅವರು ಮುಂದೆ ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳಲ್ಲಿಯೂ ದುಡಿದರು. ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕರಾಗಿದ್ದವರು ಗಿರೀಶ ಕಾಸರವಳ್ಳಿ. ಎರಡು ವರ್ಷಗಳ ಬಳಿಕ ಕಾಸರವಳ್ಳಿ ‘ಘಟಶ್ರಾದ್ಧ’ವನ್ನು (1977) ನಿರ್ದೇಶಿಸಿದಾಗ ಸಂಗೀತ ಕಾರಂತರದು, ಛಾಯಾಗ್ರಹಣ ರಾಮಚಂದ್ರರದು, ನಿರ್ಮಾಣ ಸದಾನಂದ ಸುವರ್ಣರದು. ನಿನ್ನೆಯ ನಿರ್ದೇಶಕ ಇಂದು ತನ್ನ ಸಹಾಯಕನ ಕೈಕೆಳಗೆ ಸಂಗೀತಗಾರ. ಹಿರಿತನ ಕಿರಿತನಗಳು ಹೀಗೆ ಸಲೀಸಾಗಿ ಅದಲು ಬದಲಾದದ್ದು ಹವ್ಯಾಸಿ ರಂಗಭೂಮಿಯ ಸಂಸ್ಕಾರದಿಂದ ಬಂದ ಗುಣವೆಂದು ತೋರುತ್ತದೆ. ಇದೇ ಕಾಲದಲ್ಲಿ ಪುಣೆಯ ಚಲನಚಿತ್ರ ಸಂಸ್ಥೆಯಿಂದ ಹೊರಬಂದ ಯುವಕರು ‘ಯುಕ್ತ್’ ಎಂಬ ಸಹಕಾರ ಸಂಘದ ಮೂಲಕ ಮರಾಠಿಯ ‘ಘಾಶೀರಾಮ್ ಕೋತ್ವಾಲ್’ ಚಿತ್ರವನ್ನು (1976) ಹಲವು ನಿರ್ದೇಶಕರ ಹೆಸರಿನಲ್ಲಿ ಮಾಡಿದರು. ಅದರ ಹಿಂದೆ ಒಂದು ಘೋಷಿತ ಸಿದ್ಧಾಂತವಿತ್ತು. ಕನ್ನಡದ ತಂಡಗಳ ಹಿಂದೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ಇದ್ದದ್ದು ಸ್ನೇಹ, ಜಗಳ ಮತ್ತು ನಾಟಕದ ತಾಲೀಮಿನ ಅಭ್ಯಾಸ.

ಆಕರಗಳ ಪ್ರಶ್ನೆಯೊಂದನ್ನು ಇಲ್ಲಿ ಎತ್ತಬೇಕು. ಈ ಚಿತ್ರಗಳ ನಿರ್ಮಾಣದ ಬಗೆಗೆ ನಮಗೆ ದೊರೆಯುವುದು ಬಹುತೇಕ ಆತ್ಮಕಥನಗಳಿಂದ. ಕಾರ್ನಾಡರ ‘ಆಡಾಡತ ಆಯುಷ್ಯ’, ಅನಂತಮೂರ್ತಿಯವರ ‘ಸುರಗಿ’, ವೈದೇಹಿಯವರು ನಿರೂಪಿಸಿದ ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಇವು ಬೆಲೆಯುಳ್ಳ ಗ್ರಂಥಗಳು. ಆದರೆ ಆತ್ಮಕಥೆಯ ಕೇಂದ್ರದಲ್ಲಿ ಇರುವುದು ಅದನ್ನು ಹೇಳುವ ವ್ಯಕ್ತಿಯೇ. ಅದು ಆ ಪ್ರಕಾರದ ದೋಷವಲ್ಲ, ಸ್ವಭಾವ. ಬರೆಯುವ ಅಭ್ಯಾಸವಿದ್ದವರ ಪಾಲು ಹೀಗೆ ಚರಿತ್ರೆಯಲ್ಲಿ ದೊಡ್ಡದಾಗುತ್ತದೆ. ಬೆಳಕು ಹಿಡಿದವರು, ಧ್ವನಿ ಮುದ್ರಿಸಿದವರು, ಉಡುಪು ಹೊಲಿದವರು, ಮನೆಯ ಬಾಗಿಲು ತೆರೆದುಕೊಟ್ಟ ಊರಿನವರು ಆತ್ಮಕಥೆ ಬರೆಯುವುದಿಲ್ಲ. ನಿರ್ಮಾಪಕರ ಲೆಕ್ಕದ ಪುಸ್ತಕ, ಚಿತ್ರೀಕರಣದ ದಿನವಹಿ, ಸೆನ್ಸಾರ್ ಮಂಡಳಿಯೊಡನೆ ನಡೆದ ಪತ್ರವ್ಯವಹಾರ ಇವುಗಳನ್ನು ಸಂಗ್ರಹಿಸಿಡುವ ಕೆಲಸ ನಮ್ಮಲ್ಲಿ ಹಸ್ತಪ್ರತಿಗಳ ಸಂಗ್ರಹಕ್ಕೆ ಇರುವ ಗೌರವವನ್ನು ಪಡೆದಿಲ್ಲ. ಗ್ರಂಥಾಲಯಗಳು ಚಿತ್ರವೊಂದನ್ನು ಸೂಚಿಗೆ ಸೇರಿಸುವಾಗ ಶೀರ್ಷಿಕೆಯ ಫಲಕಗಳಲ್ಲಿರುವ ಎಲ್ಲ ಹೆಸರುಗಳನ್ನೂ ಅವರವರ ಕೆಲಸದೊಡನೆ ನಮೂದಿಸುವುದು ಕಷ್ಟದ ಮಾತೇನಲ್ಲ. ಪಟ್ಟಾಭಿರಾಮ ರೆಡ್ಡಿ 2006ರಲ್ಲಿ, ಕಾರ್ನಾಡರು 2019ರಲ್ಲಿ, ರಾಜೀವ ತಾರಾನಾಥರು 2024ರಲ್ಲಿ ತೀರಿಕೊಂಡರು. ನೆನಪನ್ನು ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ದೀರ್ಘವಾದುದಲ್ಲ.

ಇಡೀ ತಂಡದಲ್ಲಿ ತನ್ನ ಪಾಲನ್ನು ಹೇಳಿಕೊಳ್ಳುವ ಅವಕಾಶವೇ ದೊರೆಯದೆ ಹೋದವರು ಸ್ನೇಹಲತಾ ರೆಡ್ಡಿ. ಮದರಾಸ್ ಪ್ಲೇಯರ್ಸ್ ತಂಡದ ಒಡನಾಟ, ಲೋಹಿಯಾವಾದಿ ಗೆಳೆಯರ ಬಳಗ, ಚಿತ್ರದ ನಿರ್ಮಾಣ ಈ ಮೂರನ್ನೂ ಬೆಸೆದ ಮನೆ ಅವರದು. ಅವರನ್ನು ಚಂದ್ರಿಯ ಪಾತ್ರಧಾರಿ ಎಂದಷ್ಟೇ ಕರೆದರೆ ಆ ಬೆಸುಗೆಯ ಲೆಕ್ಕ ಯಾವ ಶೀರ್ಷಿಕೆ ಫಲಕದಲ್ಲಿಯೂ ಬರುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿರಿಸಲಾಯಿತು. ತೀವ್ರವಾದ ಉಬ್ಬಸದಿಂದ ನರಳುತ್ತಿದ್ದ ಅವರು ಸೆರೆಮನೆಯಲ್ಲಿ ದಿನಚರಿ ಬರೆದರು, ಸಹಬಂದಿ ಹೆಂಗಸರ ಪರವಾಗಿ ದನಿಯೆತ್ತಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಡುಗಡೆಯಾದ ಅವರು ಐದು ದಿನಗಳ ಬಳಿಕ, ಜನವರಿ 20ರಂದು ತೀರಿಕೊಂಡರು. ಅದೇ ವರ್ಷ ಪಟ್ಟಾಭಿಯವರ ಎರಡನೆಯ ಕನ್ನಡ ಚಿತ್ರ ‘ಚಂಡಮಾರುತ’ ಹೊರಬಂದಿತು. ‘ಶೃಂಗಾರ ಮಾಸ’ (1984), ‘ದೇವರ ಕಾಡು’ (1993) ಅನಂತರದವು. ಇವು ಯಾವುವೂ ‘ಸಂಸ್ಕಾರ’ದ ಎತ್ತರಕ್ಕೆ 닿ಲಿಲ್ಲವೆಂದು ವಿಮರ್ಶಕರು ಹೇಳುವಾಗ, ಮೊದಲ ಚಿತ್ರದ ಯಶಸ್ಸು ಬೇರೆಯವರದಾಗಿತ್ತೆಂಬ ಸೂಚನೆ ಆ ಮಾತಿನಲ್ಲಿ ಅಡಗಿರುತ್ತದೆ. ಆ ಬೇರೆಯವರೂ ಆ ಚಿತ್ರದಲ್ಲಿದ್ದಂತೆ ಒಟ್ಟಾಗಿ ಇನ್ನೆಲ್ಲಿಯೂ ದುಡಿಯಲಿಲ್ಲ. ಅವರನ್ನು ತುಂಗಾತೀರದ ಆ ಹಳ್ಳಿಗೆ ಕರೆತಂದವರು ಪಟ್ಟಾಭಿ ಮತ್ತು ಸ್ನೇಹಲತಾ.